ಹುಡುಗರ ಕೈಗೆ ಬೀಗದ ಕೈ ಕೊಡಿ



ಕಮಲಾಪುರದಲ್ಲಿ ನನ್ನ ಬಳಿ ಓದಿ, ಈಗ ಕಲಬುರಗಿ ನಗರದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಅವನದು ಕಥೋಲಿಕ ಕುಟುಂಬ. ಒಂಬತ್ತನೆಯ ತರಗತಿಯಲ್ಲಿರುವ ಅವನ ಮಗನನ್ನು ಅವರ ಧರ್ಮಕೇಂದ್ರದ ಬಾಲಕರ ಬಳಗಕ್ಕೆ ಮುಖ್ಯಸ್ಥನನ್ನಾಗಿ ಆರಿಸಿದ್ದಾರಂತೆ. ಶನಿವಾರ ಸಂಜೆ ಸಭೆ, ಭಾನುವಾರ ಬೆಳಿಗ್ಗೆ ಬಲಿಪೂಜೆಯ ಸೇವೆ, ನಡುನಡುವೆ ಶಿಬಿರ. "ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಅದರಿ ಸರ್. ಈ ಲೀಡರಗಿರಿ ಯಾಕ ಬೇಕ್ರಿ? ಬಿಡಸ್ಲೇನ್ರಿ?" ಎಂಬುದು ಅವನ ಪ್ರಶ್ನೆ. "ಬಿಡಿಸಬೇಡಪ್ಪಾ" ಎಂದೆ. ಒಂದು ಮಾತಿನ ಆ ಉತ್ತರದ ಹಿಂದೆ ಕೆಲವು ಕಾರಣಗಳಿವೆ, ಕೆಲವು ಷರತ್ತುಗಳೂ ಇವೆ. ಇದೇ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಇದ್ದೇ ಇರುವುದರಿಂದ ಅವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು ಕಥೋಲಿಕನಲ್ಲ. ಆದರೆ ಹುಡುಗರ ನಡುವೆ ಜೀವಮಾನ ಕಳೆದವನಾಗಿ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ.

ಮೊದಲು ಪದದ ವಿಚಾರ. 'ನಾಯಕ' ಎಂಬ ಪದವನ್ನು ನಮ್ಮ ಹುಡುಗರು ಈಗ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಫ್ಲೆಕ್ಸುಗಳಿಂದ ಕಲಿಯುತ್ತಿದ್ದಾರೆ. ಜಗತ್ ವೃತ್ತದಿಂದ ಸೂಪರ್ ಮಾರ್ಕೆಟಿನ ಕಡೆಗೆ ನಡೆದು ಹೋಗಿ ನೋಡಿ. ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುವ ದೊಡ್ಡ ಫಲಕ, ಅದರ ಕೆಳಸಾಲಿನಲ್ಲಿ ಇಪ್ಪತ್ತು ಮೂವತ್ತು ಚಿಕ್ಕ ಮುಖಗಳು. ಮೀಸೆ ಮೂಡದ ಹುಡುಗರೂ ಅಲ್ಲಿ 'ಯುವ ಮುಖಂಡ'ರು. ಅವರು ಯಾರಿಗಾಗಿ ಏನು ಮಾಡಿದ್ದಾರೆ ಎಂಬುದು ಫಲಕದಲ್ಲಿ ಇರುವುದಿಲ್ಲ. ಒಬ್ಬ ಹಿರಿಯನ ಹಿಂದೆ ನಿಂತದ್ದೇ ಅವರ ಅರ್ಹತೆ. ಹದಿನೈದರ ಹುಡುಗನಿಗೆ ಯಾರೂ ಕೆಲಸ ಕೊಡದಿದ್ದಾಗ, ಯಾರೂ ಅವನನ್ನು ನಂಬದಿದ್ದಾಗ, ಹೀಗೆ ಹಿಂದೆ ನಿಲ್ಲಿಸಿಕೊಳ್ಳುವ ಒಬ್ಬ ಅಣ್ಣ ಸಿಕ್ಕೇ ಸಿಗುತ್ತಾನೆ. ಆ ಅಣ್ಣ ಎಂಥವನು ಎಂಬುದರ ಮೇಲೆ ಆ ಹುಡುಗನ ಮುಂದಿನ ಹತ್ತು ವರ್ಷ ನಿಂತಿರುತ್ತದೆ.

ನಮ್ಮ ಭಾಗದ ಗಂಡುಮಕ್ಕಳ ಸ್ಥಿತಿ ಹಗುರವಾಗಿ ಮಾತನಾಡುವಂಥದ್ದಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ತೇರ್ಗಡೆಯಾದವರು ಶೇ. 42.43. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ. 91.12. ರಾಜ್ಯದಾದ್ಯಂತ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳು ಬಹಳ ಹಿಂದೆ ಉಳಿದಿದ್ದರು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬಯಿ, ಹೈದರಾಬಾದುಗಳ ಕಡೆ ಕೂಲಿಗೆ ಹೊರಡುವ ಕುಟುಂಬಗಳೊಂದಿಗೆ ಹಾಜರಿ ಪುಸ್ತಕದಿಂದ ಮಾಯವಾಗುವ ಹುಡುಗರನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಇಂಥ ಕಡೆ ಹುಡುಗರಿಗೆ ಜವಾಬ್ದಾರಿ ಕಲಿಸುವ ಒಂದು ಬಳಗ ಇದೆ ಎಂದರೆ, ಅದು ಯಾವ ಧರ್ಮದವರದೇ ಆಗಿರಲಿ, ಅದು ಹೇಗೆ ನಡೆಯುತ್ತಿದೆ ಎಂದು ನಾವೆಲ್ಲರೂ ಆಸಕ್ತಿಯಿಂದ ನೋಡಬೇಕು.

ನಮ್ಮ ಕಡೆ ಕ್ರೈಸ್ತರೆಂದರೆ ಬಹುಜನರಿಗೆ ಮೊದಲು ನೆನಪಾಗುವುದು ಬೀದರ, ಕಲಬುರಗಿಗಳ ಹಳೆಯ ಮೆಥೋಡಿಸ್ಟ್ ಸಭೆ. ಕಥೋಲಿಕರ ಸಂಖ್ಯೆ ಚಿಕ್ಕದು. ಈ ಭಾಗ ಮೊದಲು ಹೈದರಾಬಾದಿನ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರವೆಂದು ಪ್ರತ್ಯೇಕವಾಯಿತು, ರಾಬರ್ಟ್ ಮೈಕಲ್ ಮಿರಾಂದ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಊರಿನ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿ ಎಂದಾಯಿತು. ಸಂಖ್ಯೆ ಚಿಕ್ಕದಾದುದರಿಂದ ಅವರ ಬಾಲಕರ ಬಳಗಗಳೂ ಚಿಕ್ಕವು. ನನ್ನ ದೃಷ್ಟಿಯಲ್ಲಿ ಇದು ಕೊರತೆಯಲ್ಲ. ಆರೆಂಟು ಹುಡುಗರಿರುವ ಗುಂಪಿನಲ್ಲಿ ಯಾರೂ ಬೆನ್ನ ಹಿಂದೆ ಅಡಗಿ ಕೂರಲಾರರು. 1907ರಲ್ಲಿ ಬೇಡನ್ ಪೊವೆಲ್ಲರು ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಶಿಬಿರದ ಮೊದಲ ಪ್ರಯೋಗ ಮಾಡಿದಾಗ ಇಪ್ಪತ್ತು ಹುಡುಗರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಹುಡುಗನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದರು. ನಿಮ್ಮಲ್ಲಿ ಸ್ಕೌಟಿಗೆ ಸೇರಿದ್ದವರಿಗೆ ಇದರ ಬೆಲೆ ಗೊತ್ತು.

ಕಥೋಲಿಕ ಪರಂಪರೆಯಲ್ಲಿ ಈ ವಿಚಾರ ಸ್ಕೌಟಿಗಿಂತಲೂ ಹಳೆಯದು. ಇಟಲಿಯ ಜಾನ್ ಬೋಸ್ಕೊ ಅವರ ಹೆಸರು ನಿಮಗೆ ತಿಳಿದೇ ಇದೆ. ಯಾದಗಿರಿಯ ಕಡೆಯ ಶಿಷ್ಯರಿಗೆ 'ಡಾನ್ ಬೋಸ್ಕೊ' ಎಂದರೆ ತಮ್ಮೂರಿನ ಸಂಸ್ಥೆಯೇ. ಅವರು 1815ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. 1841ರಲ್ಲಿ ಗುರುದೀಕ್ಷೆ ಪಡೆದು ತುರಿನ್ ನಗರಕ್ಕೆ ಬಂದಾಗ ಅಲ್ಲಿ ಕಂಡದ್ದು ಹಳ್ಳಿಗಳಿಂದ ಕೂಲಿಗೆ ಬಂದು ಬೀದಿಪಾಲಾದ ಹುಡುಗರನ್ನು. ಇಟ್ಟಿಗೆ ಹೊರುವವರು, ಕಲ್ಲು ಕೆಲಸದವರು, ಜೈಲು ಕಂಡು ಬಂದವರು. ಇಂದು ನಮ್ಮ ಊರುಗಳಿಂದ ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವ ಹುಡುಗರ ಕಥೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಅವರನ್ನು ಬೋಸ್ಕೊ ಒಂದೆಡೆ ಸೇರಿಸಿ ಆಟ, ಪಾಠ, ಪ್ರಾರ್ಥನೆ, ಕಸುಬು ಎಲ್ಲವನ್ನೂ ಕಲಿಸಿದರು. ಶಿಕ್ಷೆಯ ಭಯದಿಂದ ಹುಡುಗರನ್ನು ಆಳುವ ಕಾಲ ಅದು. ಅವರು ವಿವೇಕ, ಧರ್ಮ, ಅಕ್ಕರೆ ಎಂಬ ಮೂರನ್ನೇ ತಮ್ಮ ಪದ್ಧತಿಯ ಆಧಾರವೆಂದು 1877ರಲ್ಲಿ ಬರೆದರು. ಬೆತ್ತ ಹಿಡಿದೇ ಬೆಳೆದ ನಮ್ಮಂಥ ಮಾಸ್ತರರು ಓದಬೇಕಾದ ಬರಹ ಅದು.

ಆದರೆ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. 1854ರ ಬೇಸಿಗೆಯಲ್ಲಿ ತುರಿನ್ನಿಗೆ ಕಾಲರಾ ಬಂತು. ರೋಗಿಗಳನ್ನು ಮುಟ್ಟಲು ಮನೆಯವರೇ ಹೆದರುತ್ತಿದ್ದ ಹೊತ್ತು. ಬೋಸ್ಕೊ ತಮ್ಮ ಹುಡುಗರ ಮುಂದೆ ಸ್ಥಿತಿಯನ್ನು ವಿವರಿಸಿ, ಯಾರು ಬರುತ್ತೀರಿ ಎಂದು ಕೇಳಿದರು. ಮೊದಲು ಹದಿನಾಲ್ಕು ಜನ, ಆಮೇಲೆ ಇನ್ನೂ ಮೂವತ್ತು ಜನ ಮುಂದೆ ಬಂದರು. ಪ್ರತಿಯೊಬ್ಬನ ಬಳಿಯೂ ಒಂದು ಸೀಸೆ ವಿನಿಗರ್ ಇರಬೇಕು, ರೋಗಿಯನ್ನು ಮುಟ್ಟಿದೊಡನೆ ಕೈ ತೊಳೆದುಕೊಳ್ಳಬೇಕು ಎಂಬ ನಿಯಮವಿತ್ತು. ಆ ಹುಡುಗರಲ್ಲಿ ಯಾರೂ ಕಾಲರಾಕ್ಕೆ ಬಲಿಯಾಗಲಿಲ್ಲ. ಇಂದು ಮಕ್ಕಳನ್ನು ಅಂಥ ಅಪಾಯಕ್ಕೆ ಕಳಿಸಲು ಕಾನೂನೂ ಒಪ್ಪದು, ಮನಸ್ಸೂ ಒಪ್ಪದು. ನಾನು ಎತ್ತಿ ಹೇಳುತ್ತಿರುವುದು ಕೇಳಿದ ರೀತಿಯನ್ನು. ಆಜ್ಞೆ ಮಾಡದೆ ಕೇಳಿದರು. ಬರುವವನಿಗೆ ಧೈರ್ಯದ ಜೊತೆಗೆ ಎಚ್ಚರವನ್ನೂ ಕಲಿಸಿದರು. ಬೀದಿಯ ಹುಡುಗರೆಂದು ಊರು ಕಡೆಗಣಿಸಿದ್ದ ಮಕ್ಕಳೇ ಊರಿನ ಕಷ್ಟಕ್ಕೆ ನಿಂತರು.

ಅದೇ ವರ್ಷದ ಅಕ್ಟೋಬರಿನಲ್ಲಿ ದೊಮಿನಿಕ್ ಸಾವಿಯೊ ಎಂಬ ಹನ್ನೆರಡು ವರ್ಷದ ಹುಡುಗ ಅಲ್ಲಿ ಓದಲು ಬಂದ. 1856ರಲ್ಲಿ ಅವನು ಗೆಳೆಯರೊಡನೆ ಸೇರಿ ಒಂದು ಚಿಕ್ಕ ಸಂಘ ಕಟ್ಟಿದ. ಅದರ ನಿಯಮಗಳನ್ನು ಬರೆದವರು ಹುಡುಗರೇ. ಬೋಸ್ಕೊ ಅದನ್ನು ಓದಿ ತಮ್ಮ ಕೆಲವು ಸೂಚನೆಗಳನ್ನಷ್ಟೇ ಸೇರಿಸಿದರು. ಸಂಘದ ಸದಸ್ಯರು ಕೂಡಿ ಮಾತಾಡಿ, ಹೊಸದಾಗಿ ಬಂದ ಹುಡುಗರನ್ನೂ ತುಂಟರನ್ನೂ ಒಬ್ಬೊಬ್ಬರಾಗಿ ತಮ್ಮ ನೆರಳಿಗೆ ತೆಗೆದುಕೊಳ್ಳುತ್ತಿದ್ದರು. ಜೊತೆಯಲ್ಲಿ ಆಡುವುದು, ಪಾಠದಲ್ಲಿ ನೆರವಾಗುವುದು, ಜಗಳ ಬಿಡಿಸುವುದು. ಯಾರ ಎದೆಗೂ ಬಿಲ್ಲೆಯಿರಲಿಲ್ಲ. ಸಾವಿಯೊ 1857ರಲ್ಲಿ ಹದಿನೈದು ತುಂಬುವ ಮೊದಲೇ ತೀರಿಕೊಂಡ. 1954ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಬೋಸ್ಕೊ 1859ರ ಡಿಸೆಂಬರಿನಲ್ಲಿ ಸಲೇಸಿಯನ್ ಸಭೆಯನ್ನು ಆರಂಭಿಸಿದಾಗ ಅವರ ಸುತ್ತ ಕುಳಿತಿದ್ದವರಲ್ಲಿ ಹಲವರು ಇದೇ ಚಿಕ್ಕ ಸಂಘದಲ್ಲಿ ಪಳಗಿದವರು. ಒಂದು ಜಾಗತಿಕ ಸಂಸ್ಥೆಯ ಬೇರು ಹುಡುಗರೇ ಬರೆದ ಒಂದು ನಿಯಮಾವಳಿಯಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಎರಡನೆಯ ಉದಾಹರಣೆ ಬೆಲ್ಜಿಯಮ್ ದೇಶದ್ದು. ಜೋಸೆಫ್ ಕಾರ್ಡಿನ್ 1882ರಲ್ಲಿ ಹುಟ್ಟಿದರು. ತಂದೆ ಕಲ್ಲಿದ್ದಲು ಮಾರುವವರು. ಸೆಮಿನರಿಯಿಂದ ರಜೆಗೆ ಊರಿಗೆ ಬಂದಾಗ, ಜೊತೆಯಲ್ಲಿ ಓದಿ ಕಾರ್ಖಾನೆ ಸೇರಿದ್ದ ಹಳೆಯ ಗೆಳೆಯರು ತಮ್ಮನ್ನು ಬೇರೆಯವರಂತೆ ನೋಡಿದ್ದು ಅವರ ಮನಸ್ಸಿಗೆ ನಾಟಿತು. 1903ರಲ್ಲಿ ತಂದೆ ತೀರಿಕೊಂಡಾಗ ದುಡಿಯುವ ಯುವಕರಿಗಾಗಿಯೇ ಬದುಕುವುದಾಗಿ ನಿಶ್ಚಯಿಸಿದರು. 1912ರಲ್ಲಿ ಬ್ರಸೆಲ್ಸ್ ಬಳಿಯ ಲಾಕೆನ್ ಎಂಬಲ್ಲಿ ದುಡಿಯುವ ಹೆಣ್ಣುಮಕ್ಕಳ ಹಾಗೂ ಗಂಡುಮಕ್ಕಳ ಚಿಕ್ಕ ಚಿಕ್ಕ ಗುಂಪುಗಳನ್ನು ಕಟ್ಟತೊಡಗಿದರು. 1925ರ ಹೊತ್ತಿಗೆ ಅದು ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಾಯಿತು. ವಿದ್ಯಾರ್ಥಿಗಳಿಗಾಗಿ ಅದೇ ದಾರಿಯಲ್ಲಿ ಬೆಳೆದದ್ದು ನಮ್ಮ ಕಥೋಲಿಕ ಶಾಲೆಗಳಲ್ಲಿಯೂ ಇರುವ ವೈ.ಸಿ.ಎಸ್. ಸಂಘ.

ಕಾರ್ಡಿನ್ ಕಲಿಸಿದ ಪದ್ಧತಿಗೆ ಮೂರು ಮೆಟ್ಟಿಲು. ನೋಡು, ತೂಗಿ ನಿರ್ಧರಿಸು, ಕಾರ್ಯಕ್ಕಿಳಿ. ಪೋಪ್ 23ನೆಯ ಜಾನ್ ಅವರು 1961ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಎತ್ತಿ ಹಿಡಿದು, ಯುವಜನರು ಇದನ್ನು ಅಭ್ಯಾಸ ಮಾಡಬೇಕೆಂದು ಹೇಳಿದರು. ಕೇಳುವುದಕ್ಕೆ ಬಹಳ ಸರಳವಾದ ಮಾತು. ಆದರೆ ನಮ್ಮ ಶಾಲೆಗಳಲ್ಲಿ ಮೊದಲ ಮೆಟ್ಟಿಲನ್ನೇ ನಾವು ಹತ್ತಿಸುವುದಿಲ್ಲ. ಹುಡುಗರಿಗೆ ನೀತಿಯನ್ನು ಬಾಯಿಪಾಠ ಮಾಡಿಸುತ್ತೇವೆ, ತಮ್ಮ ಓಣಿಯನ್ನು ನೋಡಲು ಹೇಳುವುದಿಲ್ಲ.

ಕಮಲಾಪುರದ ಎಂಟು ಹುಡುಗರ ಒಂದು ಗುಂಪನ್ನು ಕಲ್ಪಿಸಿಕೊಳ್ಳಿ. ಅವರು ಮೊದಲು ನೋಡಬೇಕು. ನಮ್ಮ ತರಗತಿಯಲ್ಲಿ ಮೂರು ವಾರದಿಂದ ಯಾರ ಹೆಸರಿಗೆ 'ಹಾಜರ್' ಎಂಬ ಉತ್ತರ ಬರುತ್ತಿಲ್ಲ? ಅವರ ಮನೆಗೆ ಬೀಗ ಬಿದ್ದಿದೆಯೇ, ಅಜ್ಜಿ ಇದ್ದಾಳೆಯೇ? ಆಮೇಲೆ ತೂಗಬೇಕು. ಈ ಹುಡುಗ ಬರದಿರುವುದು ಸೋಮಾರಿತನದಿಂದಲೋ, ಸಾಲದಿಂದಲೋ, ಇಂಗ್ಲಿಷ್ ಗಣಿತಗಳ ಭಯದಿಂದಲೋ? ನಮ್ಮ ಧರ್ಮ ಇಂಥ ಹೊತ್ತಿನಲ್ಲಿ ನಮ್ಮಿಂದ ಏನು ಕೇಳುತ್ತದೆ? ಕೊನೆಗೆ ಕೈಲಾದುದನ್ನು ಮಾಡಬೇಕು. ತಪ್ಪಿದ ಪಾಠಗಳನ್ನು ಬರೆದಿಡುವುದು, ಮುಖ್ಯೋಪಾಧ್ಯಾಯರಿಗೆ ತಿಳಿಸುವುದು, ಅವನು ಮರಳಿ ಬಂದ ದಿನ ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಎಂಟು ಹುಡುಗರು ಗುಳೆಯನ್ನು ನಿಲ್ಲಿಸಲಾರರು. ಆದರೆ ಒಬ್ಬ ಹುಡುಗ ಶಾಲೆ ಬಿಡುವುದನ್ನು ನಿಲ್ಲಿಸಬಲ್ಲರು. ಇದನ್ನು ಮಾಡಿದ ಹುಡುಗನಿಗೆ ನಾಯಕತ್ವದ ಮೇಲೆ ಭಾಷಣ ಬೇಕಾಗುವುದಿಲ್ಲ.

ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಬೀರು, ಅದರಲ್ಲಿ ಇನ್ನೂರಕ್ಕೆ ಹತ್ತಿರ ಪುಸ್ತಕಗಳು. ಅದರ ಬೀಗದ ಕೈಯನ್ನು ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಕೊಟ್ಟೆ. ಅವನು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಮಾತು ತುಸು ತೊದಲುತ್ತಿತ್ತು. ಒಂದು ನೋಟುಬುಕ್ಕಿನಲ್ಲಿ ಪುಸ್ತಕದ ಹೆಸರು, ಒಯ್ದವನ ಹೆಸರು, ತಾರೀಖು ಬರೆಯಬೇಕು, ಪ್ರತಿ ಶನಿವಾರ ನನಗೆ ಲೆಕ್ಕ ಒಪ್ಪಿಸಬೇಕು ಎಂದಷ್ಟೇ ಹೇಳಿದ್ದೆ. ಎರಡು ತಿಂಗಳಲ್ಲಿ ಅವನು ತನ್ನದೇ ಒಂದು ನಿಯಮ ಮಾಡಿದ್ದ. ಹರಿದ ಪುಸ್ತಕ ತಂದವನು ಮೈದಾ ಅಂಟಿನಿಂದ ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಪುಸ್ತಕ. ಒಮ್ಮೆ ಊರಿನ ದೊಡ್ಡ ಮನೆಯ ಹುಡುಗನೊಬ್ಬ ಹಳೆಯದನ್ನು ಕೊಡದೆ ಹೊಸದನ್ನು ಕೇಳಿದ. ಇವನು ಬೀರು ತೆರೆಯಲಿಲ್ಲ. ದೂರು ನನ್ನವರೆಗೆ ಬಂತು. ನೋಟುಬುಕ್ಕು ತೆರೆದು ತೋರಿಸಿ, "ಬ... ಬರದದ ನೋಡ್ರಿ ಸರ್" ಎಂದ. ಅವನ ಪರವಾಗಿ ನಿಂತೆ. ನಾನು ಆಗ ದೊಡ್ಡ ಮನೆಯ ಮರ್ಜಿ ನೋಡಿ ಅವನನ್ನು ಬಗ್ಗಿಸಿದ್ದರೆ ಬೀಗದ ಕೈ ಕೊಟ್ಟದ್ದೇ ವ್ಯರ್ಥವಾಗುತ್ತಿತ್ತು. ಹುಡುಗನಿಗೆ ಹೊಣೆ ಕೊಡುವ ಹಿರಿಯ, ಆ ಹೊಣೆಯಿಂದ ಬರುವ ತೊಂದರೆಯಲ್ಲಿ ಅವನ ಜೊತೆ ನಿಲ್ಲಲೂ ಸಿದ್ಧನಿರಬೇಕು.

ಕಥೋಲಿಕ ಬಳಗಗಳಲ್ಲಿ ಇಂಥ ಹೊಣೆಗೆ ಒಂದು ಒಳ್ಳೆಯ ಅವಕಾಶ ಮೊದಲಿನಿಂದಲೇ ಇದೆ. ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಬಾಲಕರನ್ನು ಗಮನಿಸಿ. ಎಲ್ಲರಿಗಿಂತ ಮೊದಲು ಬಂದು ಮೇಣದಬತ್ತಿ ಹಚ್ಚಬೇಕು, ದ್ರಾಕ್ಷಾರಸ ಮತ್ತು ನೀರಿನ ಕುಪ್ಪಿಗಳನ್ನು ಅಣಿಗೊಳಿಸಬೇಕು, ಸರಿಯಾದ ಕ್ಷಣಕ್ಕೆ ಗಂಟೆ ಬಾರಿಸಬೇಕು, ಮುಗಿದ ಮೇಲೆ ಎಲ್ಲವನ್ನೂ ಅದರದರ ಸ್ಥಳದಲ್ಲಿಡಬೇಕು. ಚೆನ್ನಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಚಪ್ಪಾಳೆಯಿಲ್ಲದ ಕೆಲಸವನ್ನು ಪ್ರತಿ ವಾರ ಸರಿಯಾಗಿ ಮಾಡುವುದಕ್ಕಿಂತ ದೊಡ್ಡ ಶೀಲಶಿಕ್ಷಣ ನನಗೆ ತಿಳಿದಿಲ್ಲ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು ಗುರುಗಳೇ ಬಾಗಿ ಸಭೆಯಲ್ಲಿ ಕೆಲವರ ಪಾದ ತೊಳೆಯುವ ವಿಧಿಯೊಂದಿದೆ. ಯೇಸು ತನ್ನ ಶಿಷ್ಯರ ಪಾದ ತೊಳೆದುದರ ಸ್ಮರಣೆ ಅದು. ಆ ಹೊತ್ತಿನಲ್ಲಿ ನೀರಿನ ಪಾತ್ರೆಯನ್ನೂ ಬಟ್ಟೆಯನ್ನೂ ಹಿಡಿದು ಪಕ್ಕದಲ್ಲಿ ನಿಂತ ಹುಡುಗನಿಗೆ, ದೊಡ್ಡವನು ಬಾಗುತ್ತಾನೆ ಎಂಬ ಪಾಠ ಕಣ್ಣಿನಿಂದಲೇ ಒಳಗಿಳಿಯುತ್ತದೆ.

ಈ ಪಾಠ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಕಮಲಾಪುರದಿಂದ ಹುಮನಾಬಾದ್ ದಾಟಿ ಮುಂದೆ ಹೋದರೆ ಕಲ್ಯಾಣ. ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹಗಳೆಂಬ ಎರಡು ಮಾತುಗಳಲ್ಲಿ ದುಡಿಮೆಯನ್ನೂ ಹಂಚಿಕೆಯನ್ನೂ ಒಂದುಗೂಡಿಸಿದ್ದರು. ಕಲಬುರಗಿಯ ಶರಣಬಸವೇಶ್ವರರನ್ನು ಜನ ಇಂದಿಗೂ ನೆನೆಯುವುದು ಅವರ ದಾಸೋಹಕ್ಕಾಗಿ. ಹೀಗಿರುವಾಗ ಸೇವೆಯೇ ನಾಯಕತ್ವ ಎಂದು ಕಥೋಲಿಕ ಗುರುಗಳು ಹೇಳಿದರೆ ಅದನ್ನು ಪರಕೀಯವೆಂದು ನಾವು ಹೇಗೆ ಭಾವಿಸಲಾದೀತು?

ಇನ್ನು ನನ್ನ ಆಕ್ಷೇಪಣೆಗಳು. ಈಚೆಗೆ ಎಲ್ಲ ಧರ್ಮಗಳವರ ಶಿಬಿರಗಳಲ್ಲಿಯೂ 'ವ್ಯಕ್ತಿತ್ವ ವಿಕಸನ' ಎಂಬ ಹೆಸರಿನಲ್ಲಿ ಒಂದೇ ಬಗೆಯ ಕಾರ್ಯಕ್ರಮ ನಡೆಯುತ್ತದೆ. ದೂರದಿಂದ ಬಂದ ಒಬ್ಬ ತರಬೇತುದಾರರು ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ, ಗಟ್ಟಿಯಾಗಿ ಘೋಷಣೆ ಹೇಳಿಸುತ್ತಾರೆ, ಎರಡನೆಯ ದಿನ ಪ್ರಮಾಣಪತ್ರ ಕೊಡುತ್ತಾರೆ. 'ಉತ್ತಮ ನಾಯಕ' ಎಂಬ ಬಹುಮಾನ ಯಾರಿಗೆ? ಚೆನ್ನಾಗಿ ಇಂಗ್ಲಿಷ್ ಮಾತನಾಡುವವನಿಗೆ, ಇಲ್ಲವೇ ಎತ್ತರವಾಗಿ ಅಂದವಾಗಿ ಇರುವವನಿಗೆ. ಆ ಹುಡುಗ ಮನೆಗೆ ಬರುವಾಗ ಕಲಿತಿರುವುದು ಒಂದೇ ಸಂಗತಿ, ಎದ್ದು ಕಾಣಬೇಕು ಎಂಬುದು. ಫ್ಲೆಕ್ಸಿನ ಪಾಠವೂ ಅದೇ ಅಲ್ಲವೇ? ಕಮಲಾಪುರದ ಕೆಂಪು ಬಾಳೆಯನ್ನು ಬೆಳೆದವರ ಮಕ್ಕಳು ನೀವು. ಬೇರೆ ಬಾಳೆಗಳಿಗಿಂತ ಅದು ಗೊನೆ ಬಿಡಲು ಹೆಚ್ಚು ತಿಂಗಳು ಕಾಯಿಸುತ್ತದೆ, ಆರೈಕೆಯೂ ಹೆಚ್ಚು. ಶೀಲವೂ ಅಂಥದೇ ಬೆಳೆ. ಎರಡು ದಿನದ ಶಿಬಿರದಲ್ಲಿ ಅದನ್ನು ಕೊಯ್ಯಲಾಗದು.

ಎರಡನೆಯದು ವಿಧೇಯತೆಯ ವಿಚಾರ. ಧಾರ್ಮಿಕ ಬಳಗಗಳಲ್ಲಿ 'ಒಳ್ಳೆಯ ಹುಡುಗ' ಎಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು ಎಂಬ ಭಾವನೆ ಬೇಗ ಬೇರೂರುತ್ತದೆ. ನಮ್ಮ ಶಾಲೆಗಳೂ ಇದಕ್ಕೆ ಹೊರತಲ್ಲ. ಆದರೆ 'ಆಗುವುದಿಲ್ಲ' ಎಂದು ಹೇಳಲು ಬಾರದ ಹುಡುಗನಲ್ಲಿ ಶೀಲ ಪೂರ್ಣವಾಗಿ ಬೆಳೆದಿಲ್ಲವೆಂದೇ ನನ್ನ ಅಭಿಪ್ರಾಯ. ಕಾರ್ಡಿನ್ ಅವರೊಡನೆ ಆ ಚಳವಳಿಯನ್ನು ಕಟ್ಟಿದ ಯುವಕರಲ್ಲಿ ಫೆರ್ನಾಂದ್ ತೊನೆ ಮತ್ತು ಪೌಲ್ ಗಾರ್ಸೆ ಎಂಬ ಇಬ್ಬರಿದ್ದರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಅವರನ್ನು ಬಂಧಿಸಿದರು. 1945ರ ಮೊದಲ ತಿಂಗಳುಗಳಲ್ಲಿ ಇಬ್ಬರೂ ದಾಖೌ ಸೆರೆಶಿಬಿರದಲ್ಲಿ ಪ್ರಾಣಬಿಟ್ಟರು. 'ತೂಗಿ ನಿರ್ಧರಿಸು' ಎಂಬ ಎರಡನೆಯ ಮೆಟ್ಟಿಲನ್ನು ನಿಜವಾಗಿ ಹತ್ತಿದವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಕ್ಕಳ ಮೇಲೆ ಹಿರಿಯರಿಂದ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣಗಳು ಜಗತ್ತಿನ ಅನೇಕ ದೇಶಗಳಲ್ಲಿ ಕಥೋಲಿಕ ಸಭೆಯನ್ನು ಅಲುಗಾಡಿಸಿವೆ. ಶಾಲೆ, ಮಠ, ಕ್ರೀಡಾಸಂಘ, ಯಾವುದೂ ಈ ಪಿಡುಗಿನಿಂದ ಹೊರಗಿಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ, ವಿಷಯ ತಿಳಿದೂ ದೂರು ಕೊಡದಿರುವುದು ಅದರಲ್ಲಿ ಅಪರಾಧ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಗುರುಗಳೂ ಸನ್ಯಾಸಿಗಳೂ ಇಂಥ ಸಂಗತಿಗಳನ್ನು ತಪ್ಪದೆ ವರದಿ ಮಾಡಬೇಕೆಂದು ಸಭೆಯ ಕಾನೂನಿನಲ್ಲಿಯೇ ವಿಧಿಸಿದರು. ತಂದೆತಾಯಂದಿರು ಸಂಕೋಚ ಬಿಟ್ಟು ಕೇಳಬೇಕು. ಸಭೆಯಲ್ಲಿ ಇಬ್ಬರು ಹಿರಿಯರಿರುತ್ತಾರೆಯೇ? ಬಾಗಿಲು ತೆರೆದಿರುತ್ತದೆಯೇ? ಶಿಬಿರದಲ್ಲಿ ಮಲಗುವ ವ್ಯವಸ್ಥೆ ಏನು? ಹೀಗೆ ಕೇಳಿದರೆ ಒಳ್ಳೆಯ ಗುರುಗಳು ಬೇಸರಪಡುವುದಿಲ್ಲ, ಸಂತೋಷಪಡುತ್ತಾರೆ. ಬೇಸರಪಟ್ಟರೆ ಅಲ್ಲಿಗೆ ಮಗನನ್ನು ಕಳಿಸಬೇಡಿ.

ಮೂರನೆಯದು ಮನೆಯ ಮಾತು. ಬಾಲಕರಿಗೆಂದೇ ಇರುವ ಬಳಗವೊಂದು ಹುಡುಗರಲ್ಲಿ ತಾವು ಮೇಲು ಎಂಬ ಭಾವನೆಯನ್ನು ಬೆಳೆಸಿದರೆ ಅದು ಬೇಡ. ಕಥೋಲಿಕ ಸಭೆಯಲ್ಲಿ ಹುಡುಗಿಯರೂ ಪೀಠಸೇವೆ ಮಾಡಬಹುದೆಂದು 1994ರಲ್ಲಿಯೇ ರೋಮಿನಿಂದ ಅನುಮತಿ ಬಂದಿದೆ. ಶನಿವಾರದ ಸಭೆಯಲ್ಲಿ ಸೇವೆಯ ಬಗ್ಗೆ ಮಾತನಾಡಿ ಬಂದ ಹುಡುಗ ಮನೆಯಲ್ಲಿ ಉಂಡ ತಟ್ಟೆಯನ್ನು ತಂಗಿಯ ಮುಂದೆ ತಳ್ಳಿದರೆ ಆ ಬಳಗದ ಪಾಠ ಅವನಿಗೆ ತಲುಪಿಲ್ಲ. ಹೊಲಕ್ಕೆ ಹೋಗಿ ಬಂದ ತಾಯಿ ರೊಟ್ಟಿ ಬಡಿಯುವಾಗ ಅವನು ನೀರು ತುಂಬಿ ಇಡುತ್ತಾನೆಯೇ? ಮುಖ್ಯಸ್ಥನನ್ನು ಆರಿಸುವ ಮೊದಲು ಅವನ ಅಕ್ಕತಂಗಿಯರನ್ನು ಒಂದು ಮಾತು ಕೇಳಿದರೆ ಗುರುಗಳಿಗೆ ಬಹಳ ಸಂಗತಿ ತಿಳಿದೀತು.

ನಾಲ್ಕನೆಯದು, ಬೇಲಿಯ ಪ್ರಶ್ನೆ. ಒಂದೇ ಧರ್ಮದ ಹುಡುಗರನ್ನು ಸೇರಿಸುವುದರಿಂದ ಮನಸ್ಸು ಸಂಕುಚಿತವಾಗುವುದಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಆಗಬಹುದು. ಅದನ್ನು ಅಳೆಯಲು ಸುಲಭದ ಅಳತೆಗೋಲು ಆ ಬಳಗದ ಸೇವೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು. ಶರಣಬಸವೇಶ್ವರರ ಗುಡಿಯೂ ಬಂದೇ ನವಾಜರ ದರ್ಗಾವೂ ಒಂದೇ ಊರಿನಲ್ಲಿರುವ ಕಲಬುರಗಿಯಲ್ಲಿ, ತಮ್ಮವರ ಓಣಿಗಷ್ಟೇ ನಿಲ್ಲುವ ಸೇವೆಯನ್ನು ಅರೆಸೇವೆ ಎನ್ನಬೇಕಾಗುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯ ಒಬ್ಬ ವೃದ್ಧರದು. ಆಗ ನೆರೆಮನೆಯವರನ್ನು ಕಂಡರೆ ಬಾಗಿಲು ಮುಚ್ಚಿಕೊಂಡ ದಿನಗಳು ನಮಗೆಲ್ಲ ನೆನಪಿವೆ. ಅಂಥ ದಿನ ಮತ್ತೆ ಬಂದಾಗ, ಎಚ್ಚರ ತಪ್ಪದೆ, ಜಾತಿ ಧರ್ಮ ಕೇಳದೆ, ಒಂಟಿ ಮುದುಕಿಯ ಬಾಗಿಲಿಗೆ ಔಷಧಿ ತಲುಪಿಸುವ ಯುವಕ ಯಾವ ಬಳಗದಿಂದ ಬರುತ್ತಾನೋ ಆ ಬಳಗ ಎಲ್ಲರ ಬಳಗ.

ಇನ್ನು ಅಂಕಗಳ ಆತಂಕ. ವಾರಕ್ಕೆ ನಾಲ್ಕೈದು ಗಂಟೆ ಬಳಗಕ್ಕೆ ಕೊಟ್ಟು ಅಂಕ ಕಳೆದುಕೊಂಡವರಿಗಿಂತ, ಕೈಯಲ್ಲಿ ಮೊಬೈಲು ಹಿಡಿದು ಅದಕ್ಕಿಂತ ಹೆಚ್ಚು ಹೊತ್ತು ಕಳೆದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಹೊಣೆ ಹೊತ್ತ ಹುಡುಗ ಹೊತ್ತಿನ ಲೆಕ್ಕ ಕಲಿಯುತ್ತಾನೆ. ಆದರೂ ಹತ್ತನೆಯ ತರಗತಿಯಲ್ಲಿ ಶಿಬಿರಗಳನ್ನು ಕಡಿಮೆ ಮಾಡಿ, ಮುಖ್ಯಸ್ಥನ ಹೊಣೆಯನ್ನು ಕಿರಿಯನೊಬ್ಬನಿಗೆ ವಹಿಸುವುದು ಒಳ್ಳೆಯದು. ತಾನು ಬಿಟ್ಟು ಹೋಗುವ ಕೆಲಸವನ್ನು ಇನ್ನೊಬ್ಬನಿಗೆ ಕಲಿಸಿಕೊಟ್ಟು, ಪಕ್ಕಕ್ಕೆ ಸರಿದು, ಮತ್ತೆ ಸಾಮಾನ್ಯ ಸದಸ್ಯನಾಗಿ ಕೂರುವುದು ನಾಯಕತ್ವದ ಕಡೆಯ ಪಾಠ. ನಮ್ಮ ದೊಡ್ಡ ದೊಡ್ಡವರೇ ಇದನ್ನು ಕಲಿತಿಲ್ಲ. ಹದಿನೈದರಲ್ಲಿ ಕಲಿತರೆ ಮುಂದೆ ಕುರ್ಚಿ ಬಿಡುವಾಗ ಕಷ್ಟವಾಗದು.

ಆದುದರಿಂದ ಮಕ್ಕಳನ್ನು ಇಂಥ ಬಳಗಗಳಿಗೆ ಕಳಿಸುವ, ಅವನ್ನು ನಡೆಸುವ ಎಲ್ಲರಲ್ಲಿಯೂ ನನ್ನ ವಿನಂತಿ ಇಷ್ಟು. ಗುಂಪು ಚಿಕ್ಕದಾಗಿರಲಿ. ಮುಖ್ಯಸ್ಥನ ಸ್ಥಾನ ಆರು ತಿಂಗಳಿಗೊಮ್ಮೆ ಬದಲಾಗಲಿ, ಮಾತಾಡದ ಹುಡುಗನಿಗೂ ಸರದಿ ಬರಲಿ. ಹಣ ಸೇರಿದರೆ ಅದರ ಜಮಾಖರ್ಚನ್ನು ಹುಡುಗರೇ ಬರೆದು ಎಲ್ಲರ ಮುಂದೆ ಓದಲಿ. ನಿಯಮಗಳನ್ನು ಅವರೇ ಬರೆಯಲಿ, ಹಿರಿಯರು ತಿದ್ದಲಿ. ಅವರು ತಪ್ಪು ಮಾಡಿದಾಗ ಕೆಲಸ ಕಿತ್ತುಕೊಳ್ಳದೆ ಮತ್ತೊಮ್ಮೆ ಮಾಡಿಸಲಿ. 2019ರಲ್ಲಿ ಯುವಜನರಿಗ್ಗೆಂದು ಬರೆದ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರೂ ಯುವಜನರ ನಡುವಣ ಕೆಲಸದಲ್ಲಿ ಯುವಜನರೇ ಮುಂದಾಳುಗಳು, ಹಿರಿಯರು ಜೊತೆಗಿದ್ದು ದಾರಿ ತೋರಬೇಕು ಎಂಬ ಅರ್ಥದ ಮಾತು ಹೇಳಿದ್ದಾರೆ.

ನಿಮ್ಮ ಮನೆಯ ಹುಡುಗರು ಯಾವ ಬಳಗದಲ್ಲಿದ್ದಾರೆ, ಅಲ್ಲಿ ಅವರ ಕೈಗೆ ನಿಜವಾದ ಕೆಲಸ ಯಾವುದು ಬಂದಿದೆ ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿ. ನನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಅನುಭವವಿದ್ದರೂ ಸಂಕೋಚವಿಲ್ಲದೆ ಬರೆಯಿರಿ. ಮಾಸ್ತರರ ಮಾತಿಗೆ ಎದುರಾಡಬಾರದೆಂಬ ನಿಯಮ ನನ್ನ ತರಗತಿಯಲ್ಲಿ ಎಂದೂ ಇರಲಿಲ್ಲವೆಂಬುದು ನಿಮಗೆ ನೆನಪಿದೆಯಷ್ಟೇ.